ಸೊನ್ನೆಗೊಂದು ವಾಕ್ಯ

ಕಳೆದ ವಾರ ಬೆಳ್ತಂಗಡಿಯ ಪೇಟೆಯಲ್ಲಿ ಒಂದು ಟೆಂಪೋದಿಂದ ಒದ್ದೆ ಗೋಣಿಗಳನ್ನು ಇಳಿಸುತ್ತಿದ್ದರು. ಟಾರ್ಪಾಲು ಹರಿದು ದಾರಿಯುದ್ದಕ್ಕೂ ಮಳೆಗೆ ನೆನೆದಿದ್ದವಂತೆ. ಸೆಣಬು, ತೌಡು, ಕೆಸರು ಮೂರೂ ಬೆರೆತ ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಕೊಡೆ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ಗೆಳತಿ, "ಎಂತಾಯ್ತು?" ಎಂದು ಕೇಳಿದಳು. ಏನಿಲ್ಲ ಎಂದೆ. ಆ ವಾಸನೆಯೊಂದಿಗೆ ನನಗೆ ನೆನಪಾಗುವುದು ಒಂದು ದನಿ. ಯಾರೂ ಇಲ್ಲದ ಕಟ್ಟಡದೊಳಗೆ, ನನಗೆ ಬಾರದ ಭಾಷೆಯಲ್ಲಿ, ಒಂದೇ ವಾಕ್ಯವನ್ನು ಐದು ಸಲ ಹೇಳುತ್ತಿದ್ದ ಹೆಣ್ಣುದನಿ.

ಅದು ನನ್ನ ಮೇಷ್ಟರಿಕೆ ಹೋದ ವರ್ಷ. ನರಿಕೊಂಬಿನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಕನ್ನಡ ಕಲಿಸಿದ್ದೆ, ಅತಿಥಿ ಶಿಕ್ಷಕಿಯಾಗಿ. ಒಂಬತ್ತು ವರ್ಷದ ಅತಿಥಿ! ಆ ಬೇಸಿಗೆಯಲ್ಲಿ ಕಾಯಂ ಶಿಕ್ಷಕರು ಬಂದರು, ನಾನು ಹೊರಟೆ. ಎರಡು ವಾರ ಮನೆಯಲ್ಲಿ ಕೂತಿದ್ದವಳಿಗೆ ಮೂಡುಬಿದಿರೆಯ ಪದ್ಮರಾಜರಿಂದ ಫೋನು ಬಂತು. ಅವರ ತಂಗಿ ನನ್ನ ಸಹಪಾಠಿ. ಬಸ್ ನಿಲ್ದಾಣದ ಹಿಂದೆ, ಚಪ್ಪಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಅವರದೊಂದು ಸಣ್ಣ ಆಫೀಸು. ನಾಲ್ಕು ಕಂಪ್ಯೂಟರು, ಮೂರು ಜನ.

"ಟೀಚರ್, ಒಂದು ಸಾಫ್ಟ್‌ವೇರ್ ಮಾಡ್ತಾ ಇದ್ದೇವೆ. ಕನ್ನಡ ನೋಡ್ಲಿಕ್ಕೆ ಒಬ್ಬರು ಬೇಕಿತ್ತು. ಯಂತ್ರ ಮಾತಾಡಿದ ಹಾಗೆ ಆಗ್ಬಾರ್ದು, ಜನ ಮಾತಾಡಿದ ಹಾಗೆ ಇರ್ಬೇಕು," ಎಂದರು.

ಅವರು ಮಾಡುತ್ತಿದ್ದದ್ದು ಹಾಸ್ಟೆಲುಗಳಿಗಾಗಿ. ಪ್ರತಿ ಕೋಣೆಯ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಕಪ್ಪು ಡಬ್ಬಿಗಳನ್ನು ಅಂಟಿಸುತ್ತಾರೆ. ಯಾರು ದಾಟಿದರೂ, ಒಳಗೆ ಹೋದರೋ ಹೊರಗೆ ಬಂದರೋ ಎಂದು ಅವು ಲೆಕ್ಕ ಹಿಡಿಯುತ್ತವೆ. ಮೆಟ್ಟಿಲ ಬುಡದಲ್ಲಿ ಗೋಡೆಗೆ ಒಂದು ಟ್ಯಾಬ್ಲೆಟ್. ಬೆಂಕಿ ಬಿದ್ದರೆ, ನೀರು ಬಂದರೆ, ಅದರ ಗುಂಡಿ ಒತ್ತಿದರಾಯಿತು. ಯಾವ ಕೋಣೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಒಂದೊಂದಾಗಿ ಬಾಯಿಬಿಟ್ಟು ಹೇಳುತ್ತದೆ. ಹೊಗೆಯಲ್ಲಿ, ಕತ್ತಲಲ್ಲಿ ಓದಲು ಆಗುವುದಿಲ್ಲವಲ್ಲ, ಅದಕ್ಕೆ ದನಿ.

ಅವರಿಗೆ ಮೊದಲ ಗಿರಾಕಿ ಸಿಕ್ಕಿದ್ದು ಇಲ್ಲಿ ಅಲ್ಲ, ಆಫ್ರಿಕಾದ ಗಿನಿ ದೇಶದಲ್ಲಿ. ಅಲ್ಲಿನ ಬೆಟ್ಟದ ಸೀಮೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲು. ಅದನ್ನು ಹುಡುಕಿಕೊಟ್ಟವಳು ಮರಿಯಾಮ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಕೊನೆಯ ವರ್ಷ ಓದುತ್ತಿದ್ದ ಗಿನಿಯ ಹುಡುಗಿ; ಎತ್ತರದ ಆಳು, ತಲೆಗೆ ಯಾವಾಗಲೂ ಬಣ್ಣದ ವಸ್ತ್ರ. ಅವಳ ಮಾತು ಫುಲಾ. ಅವಳ ಕಡೆಯವರು ಅದನ್ನು ಪುಲಾರ್ ಎನ್ನುತ್ತಾರೆ. ಮೂರು ವರ್ಷದಲ್ಲಿ ನಮ್ಮ ಕನ್ನಡವನ್ನೂ ಕಲಿತಿದ್ದಳು, ನಮ್ಮ ಊರಿನ ಕನ್ನಡವನ್ನೇ. "ಟೀಚರ್, ಚಾ ಕುಡಿಯುವ" ಎಂದು ಮೊದಲ ದಿನವೇ ನನ್ನನ್ನು ಎಬ್ಬಿಸಿಕೊಂಡು ಹೋದಳು.

ಸಾಲುಗಳನ್ನು ಕನ್ನಡಕ್ಕೆ ನಾನು, ಫುಲಾಕ್ಕೆ ಅವಳು ಒಂದೇ ಮೇಜಿನಲ್ಲಿ ಕೂತು ತರುತ್ತಿದ್ದೆವು. ಮೇ ತಿಂಗಳಿಡೀ ಅದೇ ಕೆಲಸ. ನನಗೆ ಅವಳ ಭಾಷೆಯ ಬಹುವಚನಗಳು ವಿಚಿತ್ರವಾಗಿ ಕಂಡವು. ನಮ್ಮಲ್ಲಿ ಪದದ ಬಾಲಕ್ಕೆ ಒಂದು 'ಗಳು' ಕಟ್ಟಿದರೆ ಮುಗಿಯಿತು. ಅವರಲ್ಲಿ ತಲೆಯೇ ಬದಲಾಗುತ್ತದೆ. ಕೋಣೆ ಒಂದಾದರೆ ಸೂದು, ಹಲವಾದರೆ ಚೂಡಿ. ಮನುಷ್ಯನಂತೂ ಪೂರ್ತಿ ಬೇರೆಯೇ ಆಗಿಬಿಡುತ್ತಾನೆ: ಒಬ್ಬ ನೆಡ್ಡೊ, ಇಬ್ಬರಾದರೆ ಯಿಂಬೆ.

ಅಂಕಿ ಬರುವ ಪ್ರತಿ ವಾಕ್ಯಕ್ಕೂ ಕಂಪ್ಯೂಟರಿನಲ್ಲಿ ಎರಡು ಖಾನೆ; ಒಂದು ಏಕವಚನಕ್ಕೆ, ಇನ್ನೊಂದು ಬಹುವಚನಕ್ಕೆ. 'ಕೋಣೆಯಲ್ಲಿ ಇಷ್ಟು ಮಂದಿ ಇದ್ದಾರೆ' ಎಂಬ ಸಾಲು ಬಂದಾಗ ಮರಿಯಾಮ ಮೊದಲ ಖಾನೆಯಲ್ಲಿ ಬರೆದು, ಯಂತ್ರ ಲೆಕ್ಕ ತುಂಬಿಕೊಳ್ಳುವ ಜಾಗಕ್ಕೆ ಅಂಕಿಯ ಗುರುತನ್ನೂ ಹಾಕಿ, ಓದಿ ಮುಖ ಹಿಂಡಿದಳು.

"ಚಂದ ಇಲ್ಲ ಟೀಚರ್. ಒಂದು ಅಂಕಿ ಹಾಕಿ ಮನುಷ್ಯ ಅಂತ ನಮ್ಮಲ್ಲಿ ಯಾರೂ ಹೇಳುದಿಲ್ಲ."

"ಹಾಗಾದರೆ ಅಂಕಿ ತೆಗಿ," ಎಂದೆ ನಾನು, ಒಂಬತ್ತು ವರ್ಷದ ಟೀಚರಿನ ಠೀವಿಯಲ್ಲಿ. "ಅದು ಏಕವಚನದ ಖಾನೆ. ಒಬ್ಬರೇ ಇರುವಾಗ ಅಂಕಿ ಯಾಕೆ? ಮನೆಯಲ್ಲಿ ಹೇಳುವ ಹಾಗೆ ಬರಿ."

ಅವಳು ಅಳಿಸಿ ಬರೆದಳು: ನೆಡ್ಡೊ ನೋ ಕಾ ನ್ದೆರ್ ಸೂದು. ಕೋಣೆಯೊಳಗೆ ಮನುಷ್ಯ ಇದ್ದಾನೆ. ಓದಿದಾಗ ಅವಳ ಮುಖ ಅರಳಿತು. ಮರುದಿನ ಬಾಗಿಲು ಹಾಕಿಕೊಂಡು ಅವಳದೇ ದನಿಯಲ್ಲಿ ಎಲ್ಲ ವಾಕ್ಯಗಳನ್ನೂ ರೆಕಾರ್ಡು ಮಾಡಿದರು.

ಯಂತ್ರ ಹಾಕಿ ಪರೀಕ್ಷಿಸಲು ಒಂದು ಕಟ್ಟಡ ಬೇಕಿತ್ತು. ಬಂಟ್ವಾಳ ಪೇಟೆಯ ಕೆಳಗಿನ ಓಣಿಯಲ್ಲಿ, ನೇತ್ರಾವತಿಗೆ ಬೆನ್ನು ಮಾಡಿ ನಿಂತ ಪದ್ಮರಾಜರ ಮನೆತನದ ಹಳೆಯ ಅಕ್ಕಿ ಗೋದಾಮು ಖಾಲಿಯಿತ್ತು. ಮೇಲೆ ಮೂರು ಕೋಣೆ, ಕೆಳಗೆ ಎರಡು. ಕೆಳಗಿನ ಹಿಂದಿನ ಕೋಣೆಯಲ್ಲಿ ಮಾತ್ರ ಯಾವ ಕಾಲದ್ದೋ ತೌಡಿನ ಗೋಣಿಗಳು ತೊಲೆಯವರೆಗೆ ಒಟ್ಟಿಕೊಂಡಿದ್ದವು. ಓಣಿಯ ತುದಿಯಲ್ಲಿ ವಾಸವಿದ್ದ ಗಿರಿಜಕ್ಕ ಕಟ್ಟಡ ನೋಡಿಕೊಳ್ಳುತ್ತಿದ್ದರು. ಅರುವತ್ತು ದಾಟಿದ, ಒಂಟಿ ಹೆಂಗಸು. ಬೆಳಗ್ಗೆ ಗುಡಿಸಿ ಹೋದರೆ ಮತ್ತೆ ಬರುವುದು ಸಂಜೆ ಬೀಗ ಹಾಕಲು. ನನ್ನ ಮನೆ ಸೇತುವೆಯಾಚೆ ಹತ್ತಿರವೇ ಆದ್ದರಿಂದ ದಿನಾ ಹೋಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಜೂನಿನ ಮೊದಲ ವಾರ, ಮಳೆ ಹಿಡಿದ ಮೂರನೆಯ ದಿನ, ಮರಿಯಾಮ ಸಿದ್ಧಕಟ್ಟೆಯ ಮೇಲಾಗಿ ಬರುವ ಬಸ್ಸಿನಲ್ಲಿ ಬಂದಳು. ಮಧ್ಯಾಹ್ನ ಹನ್ನೆರಡಾದರೂ ಗೋದಾಮಿನೊಳಗೆ ಮುಸ್ಸಂಜೆಯ ಮಬ್ಬು. ಟ್ಯಾಬ್ಲೆಟ್ಟನ್ನು ಫುಲಾ ಭಾಷೆಗೆ ತಿರುಗಿಸಿ ಗುಂಡಿ ಒತ್ತಿದೆವು. ಒಂದನೇ ಕೋಣೆಯ ಅಂಕಿ ಹೊಳೆಯಿತು. ಖಾಲಿ ಗೋಡೆಗಳ ನಡುವೆ ಅವಳದೇ ದನಿ ಹೇಳಿತು: "ನೆಡ್ಡೊ ನೋ ಕಾ ನ್ದೆರ್ ಸೂದು."

ಮರಿಯಾಮ ನನ್ನ ಮುಖ ನೋಡಿದಳು. "ಕೋಣೆಯಲ್ಲಿ ಜನ ಉಂಟು ಅಂತ ಹೇಳ್ತದೆ."

ಎರಡನೇ ಕೋಣೆ. ಅದೇ ವಾಕ್ಯ. ಮೂರು, ನಾಲ್ಕು, ಐದು. ಐದರಲ್ಲೂ ಮನುಷ್ಯರಿದ್ದರು.

ನಾವು ಮೇಲೆ ಹತ್ತಿ ನೋಡಿದೆವು. ಕಿಟಕಿಯ ಸರಳು, ಜೇಡರ ಬಲೆ, ನೆಲದ ಮೇಲೆ ಗಿರಿಜಕ್ಕನ ಕಸಬರಿಕೆಯ ಗೀರು. ಯಾರೂ ಇಲ್ಲ. ನಾನು ಒಂದನೇ ಕೋಣೆಯೊಳಗೆ ನಿಂತೆ, ಅವಳು ಕೆಳಗಿಳಿದು ಗುಂಡಿ ಒತ್ತಿದಳು. ಅದೇ ವಾಕ್ಯ. ಇಬ್ಬರೂ ಒಳಗೆ ಹೋಗಿ, ಗಿರಿಜಕ್ಕನನ್ನು ಕರೆದು ಅವರ ಕೈಯಿಂದ ಒತ್ತಿಸಿದೆವು. ಆಗ ಸರಿಯಾಗಿ ಹೇಳಿತು, "ಯಿಂಬೆ ಡಿಡೊ." ಇಬ್ಬರು. ಹೊರಗೆ ಬಂದೆವು. ಮತ್ತೆ ಮನುಷ್ಯ ಇದ್ದಾನೆ ಎಂದಿತು. ನಾವು ಹೋದ ಮೇಲೂ ಒಬ್ಬ ಒಳಗೆ ಉಳಿದ ಹಾಗೆ.

"ಡಬ್ಬಿ ಸರಿ ಇಲ್ಲ," ಎಂದೆ ನಾನು. ಪದ್ಮರಾಜರು ಡಬ್ಬಿಗಳನ್ನು ಬದಲಿಸಿದರು. ಬದಲಾಗಲಿಲ್ಲ. ಟ್ಯಾಬ್ಲೆಟ್ಟನ್ನು ಕನ್ನಡಕ್ಕೆ ತಿರುಗಿಸಿದರೆ ಏನೂ ತೊಂದರೆ ಇರಲಿಲ್ಲ. 'ಕೋಣೆಯಲ್ಲಿ ಸೊನ್ನೆ ಮಂದಿ' ಎಂದು ಶಾಲೆಯ ಮಕ್ಕಳ ಹಾಗೆ ಒಪ್ಪಿಸುತ್ತಿತ್ತು. ಫುಲಾದಲ್ಲಿ ಮಾತ್ರ ಯಾರೋ ಇರುತ್ತಿದ್ದರು.

ಪದ್ಮರಾಜರು ತಪ್ಪು ಸಿಗುವವರೆಗೆ ಅದನ್ನು ಫುಲಾದಲ್ಲೇ ಬಿಡಿ, ದಿನಾ ಬರೆದಿಡಿ ಎಂದರು. ಹಾಗಾಗಿ ಆ ಜೂನಿಡೀ ಪ್ರತಿ ಮಧ್ಯಾಹ್ನ ನಾನೊಬ್ಬಳೇ ಆ ಗೋದಾಮಿಗೆ ಹೋಗಿ ಗುಂಡಿ ಒತ್ತುತ್ತಿದ್ದೆ. ಹಿಂದೆ ಹೊಳೆಯ ಸದ್ದು, ಹಂಚಿನ ಮೇಲೆ ಮಳೆ, ಒದ್ದೆ ಗೋಣಿಯ ವಾಸನೆ. ಮೂಡುಬಿದಿರೆಯ ತರಗತಿಯಲ್ಲಿ ಕೂತಿರುವ ಹುಡುಗಿಯ ದನಿ ಇಲ್ಲಿ ನನ್ನ ಕಿವಿಯ ಬದಿಯಲ್ಲಿ, ಐದು ಸಲ, ಆತುರವಿಲ್ಲದೆ, ಯಾರೋ ಇದ್ದಾರೆ ಎಂದು ತಿಳಿಸುತ್ತಿತ್ತು. ಮೊದಲ ವಾರ ನಾನು ಪ್ರತಿ ಸಲವೂ ಹೋಗಿ ಇಣುಕುತ್ತಿದ್ದೆ. ಎರಡನೇ ವಾರ ನಿಲ್ಲಿಸಿದೆ. ಮೂರನೇ ವಾರ ಇಣುಕಲು ಧೈರ್ಯ ಬರಲಿಲ್ಲ. ಖಾಲಿ ಎಂದು ಗೊತ್ತಿದ್ದ ಕೋಣೆಗೆ ಬೆನ್ನು ಕೊಟ್ಟು ಮೆಟ್ಟಿಲು ಇಳಿಯುವಾಗ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಯಾರಲ್ಲಿಯೂ ಹೇಳಲಿಲ್ಲ. ನಲವತ್ತು ದಾಟಿದ ಟೀಚರು ಟ್ಯಾಬ್ಲೆಟ್ಟಿಗೆ ಹೆದರಿದಳು ಎಂದು ಹೇಗೆ ಹೇಳುವುದು?

ಗಿರಿಜಕ್ಕನಿಗೆ ಮಾತ್ರ ಗೊತ್ತಾಗಿತ್ತು. ಒಂದು ಸಂಜೆ ಬೀಗ ಹಾಕುತ್ತಾ ತುಳುವಿನಲ್ಲಿ ಕೇಳಿದರು, "ಆ ಹೆಣ್ಣು ದಿನಾ ಹೇಳುದು ಎಂತ ಟೀಚರೆ? ನನ್ನ ಮನೆವರೆಗೂ ಕೇಳ್ತದೆ, ನನಗೀಗ ಬಾಯಿಪಾಠ ಆಗಿದೆ."

"ಕೋಣೆಯಲ್ಲಿ ಯಾರೋ ಇದ್ದಾರೆ ಅಂತ. ಯಂತ್ರದ ತಪ್ಪು ಗಿರಿಜಕ್ಕ."

ಅವರು ಬೀಗ ಎಳೆದು ನೋಡಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ತಪ್ಪು ಅಂತ ನೀವು ಹೇಳ್ತೀರಿ. ಅದು ಹೇಳುದಿಲ್ಲ ಅಲ್ವಾ?" ಎಂದು ನಕ್ಕು ಹೋದರು.

ಜುಲೈ ಮೊದಲಲ್ಲಿ ಮರಿಯಾಮ ತಪ್ಪು ಹಿಡಿದಳು. ಮೂಡುಬಿದಿರೆಯ ಆಫೀಸಿನಲ್ಲಿ ನನ್ನನ್ನು ಕುರ್ಚಿಯೊಂದಿಗೆ ಎಳೆದು ಪರದೆಯ ಮುಂದೆ ಕೂರಿಸಿದಳು. ಯಾವ ಭಾಷೆಯಲ್ಲಿ ಯಾವ ಅಂಕಿಗೆ ಏಕವಚನ, ಯಾವುದಕ್ಕೆ ಬಹುವಚನ ಎಂದು ಹೇಳುವ ಒಂದು ಪಟ್ಟಿಯಿದೆ. ಸಾಫ್ಟ್‌ವೇರಿನವರೆಲ್ಲ ಅದನ್ನೇ ಬಳಸುತ್ತಾರೆ. ಫುಲಾದ ಸಾಲಿನ ಮೇಲೆ ಬೆರಳಿಟ್ಟಳು.

"ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಖಾನೆಗೆ ಹೋಗ್ತದೆ. ನಮ್ಮದರಲ್ಲಿ ಸೊನ್ನೆಗೂ ಒಂದಕ್ಕೂ ಒಂದೇ ಖಾನೆ. ಏಕವಚನ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಖಾನೆಯಲ್ಲಿ ಅಂಕಿಯ ಗುರುತು ಇದ್ದಿದ್ದರೆ ಯಂತ್ರ ಅಲ್ಲಿ ಸೊನ್ನೆ ಎಂದು ಹೇಳುತ್ತಿತ್ತು. ಅಂಕಿ ಇರಲಿಲ್ಲ. ಕೋಣೆ ಖಾಲಿಯಿದ್ದರೂ, ಒಬ್ಬರಿದ್ದರೂ ಅದರ ಬಾಯಲ್ಲಿ ಇದ್ದದ್ದು ಒಂದೇ ವಾಕ್ಯ. ಅಂಕಿಯನ್ನು ತೆಗೆಸಿದವಳು ನಾನು.

ಪಟ್ಟಿಯಲ್ಲಿ ಕನ್ನಡವನ್ನೂ ಹುಡುಕಿದೆ. ಅಲ್ಲಿಯೂ ಸೊನ್ನೆ ಒಂದರ ಜೊತೆಗೇ ಕೂತಿತ್ತು. ನನ್ನ ವಾಕ್ಯದಲ್ಲಿ ಅಂಕಿ ಉಳಿದಿದ್ದರಿಂದ ಬಚಾವಾಗಿದ್ದೆ, ಅಷ್ಟೆ.

"ಸೊನ್ನೆ ಮಂದಿ ಅಂತ ಯಾರು ಹೇಳ್ತಾರೆ ಟೀಚರ್? ನಾವು ಹಾಯ್ ಗೋತೊ ಅಲಾ ಅಂತೇವೆ. ಒಬ್ಬ ಕೂಡ ಇಲ್ಲ."

"ನಾವೂ ಹಾಗೇ. ಒಬ್ಬರೂ ಇಲ್ಲ."

ಇಬ್ಬರೂ ನಕ್ಕೆವು. ಒಂದು ತಿಂಗಳು ನನ್ನ ಕತ್ತಿನ ಹಿಂದೆ ನಿಂತಿದ್ದವರು ಕೆಲವೇ ನಿಮಿಷಗಳಲ್ಲಿ ಎದ್ದು ಹೋದಂತಾಯಿತು. ಪದ್ಮರಾಜರು ಸೊನ್ನೆಗೆಂದೇ ಮೂರನೆಯ ಖಾನೆಯೊಂದನ್ನು ಮಾಡಿಕೊಟ್ಟರು. ಮರಿಯಾಮ ಅದರಲ್ಲಿ 'ಹಾಯ್ ಗೋತೊ ಅಲಾ' ಎಂದು ಬರೆದು, ಓದಿ, ರೆಕಾರ್ಡು ಮಾಡಿದಳು. ಹೊಸ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಚೀಲದಲ್ಲಿಟ್ಟೆ. ಶುಕ್ರವಾರ ಅವಳಿಗೆ ತರಗತಿ ಇರಲಿಲ್ಲ. ಅಂದು ಬಂಟ್ವಾಳಕ್ಕೆ ಹೋಗಿ ಇಬ್ಬರೂ ಸೇರಿ ಅದನ್ನು ಹಾಕಿ, ಸರಿಯಾಗಿ ಮಾತಾಡುತ್ತದೆಯೇ ನೋಡುವುದು ಎಂದಾಯಿತು.

ಮಂಗಳವಾರ ಹಿಡಿದ ಮಳೆ ಬಿಡಲಿಲ್ಲ. ಗುರುವಾರ ಸಂಜೆ ಸೇತುವೆಯ ಮೇಲೆ ಜನ ನಿಂತು ಹೊಳೆ ನೋಡುತ್ತಿದ್ದರು. ಮಣ್ಣುಕೆಂಪು ನೀರಿನಲ್ಲಿ ಬುಡಸಮೇತ ಕಿತ್ತ ಮರಗಳು ಬರುತ್ತಿದ್ದವು. ಶುಕ್ರವಾರ ಬೆಳಗ್ಗೆ ಪದ್ಮರಾಜರ ಫೋನು: "ಟೀಚರ್, ಕೆಳಗಿನ ಪೇಟೆಗೆ ನೀರು ಬರ್ಬಹುದಂತೆ. ಹೊಸ ಫೈಲು ಎಲ್ಲ ಆಮೇಲೆ ನೋಡುವ. ಟ್ಯಾಬ್ಲೆಟ್ ಕಳಚಿ ತನ್ನಿ, ಸಾಕು. ಮರಿಯಾಮ ಆಗ್ಲೇ ಬಸ್ ಹತ್ತಿದಾಳೆ."

ನಾವು ಓಣಿಗೆ ಬಂದಾಗ ಹನ್ನೊಂದು ಗಂಟೆ. ತುದಿಯಲ್ಲಿ ನೀರು ಆಗಲೇ ಅಂಗಡಿಗಳ ಮೆಟ್ಟಿಲು ಮುಟ್ಟಿತ್ತು. ಎದುರಿನ ಜಿನಸಿ ಅಂಗಡಿಯ ಅಣ್ಣತಮ್ಮಂದಿರು ಮೂಟೆಗಳನ್ನು ಮಾಳಿಗೆಗೆ ಏರಿಸುತ್ತಿದ್ದರು. "ಬೇಗ ಹೋಗಿ ಮಾರಾಯ್ರೆ, ನಿಲ್ಬೇಡಿ!" ಎಂದು ಅಣ್ಣ ಕೂಗಿದ. ಗಿರಿಜಕ್ಕನ ಮನೆಗೆ ಬೀಗ. ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡೆ. ಗೋದಾಮಿನ ಮುಂಬಾಗಿಲಿಗೂ ಹಿಂದಿನ ದಿನ ಹಾಕಿದ ಬೀಗ ಹಾಗೇ ಇತ್ತು. ನನ್ನ ಬಳಿಯ ಕೀಲಿಯಿಂದ ತೆರೆದೆ.

ಒಳಗೆ ಕಾಲಿಟ್ಟರೆ ಪಾದ ಮುಳುಗುವಷ್ಟು ನೀರು. ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ಹೊರಗೆ ಹೊಸ್ತಿಲವರೆಗೆ ಇನ್ನೂ ನೀರು ಏರಿರಲಿಲ್ಲ. ಮಾಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಪಕ್ಕದಲ್ಲಿದ್ದವಳ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾನು ಟ್ಯಾಬ್ಲೆಟ್ಟಿನ ಸ್ಕ್ರೂಗಳಿಗೆ ಕೈ ಹಾಕುವ ಮೊದಲೇ ಮರಿಯಾಮ ಗುಂಡಿ ಒತ್ತಿಬಿಟ್ಟಳು.

"ಈಗ ಯಾಕೆ?" ಎಂದು ಕೂಗಿದೆ.

"ಹೊರಡುವಾಗ ಒತ್ತಬೇಕು. ನಾವೇ ಬರೆದದ್ದಲ್ವಾ?"

ಹೌದು. ಸೂಚನೆಯ ಮೊದಲ ಸಾಲೇ ಅದು: ಕಟ್ಟಡ ಬಿಡುವ ಮೊದಲು ಗುಂಡಿ ಒತ್ತಿ. ಅವಳ ದನಿ ಆ ನೀರಿನ ಮೇಲೆ ನಿಧಾನವಾಗಿ ಒಂದೊಂದೇ ಕೋಣೆಯನ್ನು ಹೇಳಿತು. ಐದಕ್ಕೆ ಐದೂ ನೆಡ್ಡೊ. ನಾನು ಟ್ಯಾಬ್ಲೆಟ್ ಕಳಚಿ ಚೀಲಕ್ಕೆ ತುರುಕಿದೆ. "ಬಾ, ಹೋಗುವ."

ಅವಳು ಅಲುಗಲಿಲ್ಲ. "ನೋಡಿ ಬರುವ ಟೀಚರ್."

"ಅದು ಸೊನ್ನೆ ಮರಿಯಾಮ! ನೀನೇ ಹಿಡಿದ ತಪ್ಪು. ಸೊನ್ನೆ ಅದು, ಬಾ!"

"ಸೊನ್ನೆ ಅಂತ ಅದು ಹೇಳ್ಲಿಲ್ಲ," ಎಂದಳು. "ಸೊನ್ನೆಯೂ ಇರಬಹುದು, ಒಬ್ಬರೂ ಇರಬಹುದು. ನಮಗೆ ಗೊತ್ತಿಲ್ಲ."

ನನಗೆ ಸಿಟ್ಟು ಬಂತು. ಹೆದರಿಕೆಯ ಸಿಟ್ಟು. ನಾನು ಹೊಸ್ತಿಲು ದಾಟಿ ಓಣಿಗೆ ಇಳಿದುಬಿಟ್ಟೆ; ಇದನ್ನು ಮುಚ್ಚಿಡಲಾರೆ. ನಾನು ಹೊರಟರೆ ಅವಳೂ ಬರುತ್ತಾಳೆ ಎಂದುಕೊಂಡೆ. ತಿರುಗಿ ನೋಡಿದರೆ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಮೇಲೆ ಬಾಗಿಲುಗಳು ತೆರೆದು ಮುಚ್ಚಿದ ಸದ್ದು ಮೂರು ಸಲ. ಕೆಳಗಿಳಿದು ನಾಲ್ಕನೆಯದನ್ನು ತೆರೆದಳು. ಐದನೆಯದು, ಹಿಂದಿನ ಗೋಣಿಯ ಕೋಣೆಯದು, ತೆರೆಯಲಿಲ್ಲ. ಹೆಗಲು ಕೊಟ್ಟು ನೂಕಿದಳು. ಒಂದು ಬೆರಳಿನಷ್ಟು ಸರಿದು ನಿಂತಿತು. ಆ ಸಂದಿನಿಂದ ಕೆಂಪು ನೀರು ಒಸರಿ ಅವಳ ಕಾಲಿನ ಸುತ್ತ ಹರಿಯಿತು.

ಅವಳು ಸಂದಿಗೆ ಕಿವಿಯಿಟ್ಟಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಆ ಮುಖ ನೋಡಿ ನಾನು ಚೀಲವನ್ನು ಎದುರಂಗಡಿಯ ಮಾಳಿಗೆಯ ಮೆಟ್ಟಿಲ ಮೇಲೆಸೆದು ಒಳಗೆ ಓಡಿದೆ.

ಸಂದಿನಲ್ಲಿ ಕೇಳಿದ್ದು ಮಾತಲ್ಲ, ಯಾರೋ ಹಲ್ಲು ಕಟಕಟಿಸುವ ಸದ್ದು. "ಉಲಯಿ ಏರ್ ಉಲ್ಲೆರ್?" ಎಂದು ನಾನು ತುಳುವಿನಲ್ಲಿ ಕಿರುಚಿದೆ, ಒಳಗೆ ಯಾರಿದ್ದೀರಿ ಎಂದು. ತುಂಬ ಹೊತ್ತಿನ ಮೇಲೆ ಸಣ್ಣಗೆ, "ಯಾನ್" ಎಂದಿತು. ನಾನು. ಗಿರಿಜಕ್ಕನ ದನಿ.

ನಾನು ಹೊರಗೋಡಿ ಕೂಗಿಕೊಂಡೆ; ಎದುರಂಗಡಿಯ ಅಣ್ಣತಮ್ಮಂದಿರು ಹಾರೆ ಹಿಡಿದು ಬಂದರು. ಬಾಗಿಲ ಕೆಳಗಿನ ಎರಡು ಹಲಗೆ ಒಡೆದು ತಮ್ಮ ಒಳಗೆ ನುಸುಳಿದ. ಒಳಗೆ ಗೋಣಿಗಳ ಒಟ್ಟಲು ಜರಿದು ಬಿದ್ದಿತ್ತು. ನೀರು ಕುಡಿದು ಊದಿದ ಗೋಣಿಗಳ ಅಡಿಯಲ್ಲಿ ಗಿರಿಜಕ್ಕನ ಒಂದು ಕಾಲು ಸಿಕ್ಕಿಕೊಂಡಿತ್ತು. ಕೂತಲ್ಲೇ ಎದೆಯವರೆಗೆ ನೀರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಪಿಂಚಣಿಯ, ರೇಷನ್ನಿನ ಕಾಗದಗಳು. ತನ್ನ ಮನೆ ಸೋರುತ್ತದೆಂದು ಇಲ್ಲಿ ತಂದಿಟ್ಟಿದ್ದರಂತೆ, ನೀರು ಬರುವ ಮೊದಲು ಒಯ್ಯಲು ಬಂದಿದ್ದರು. ಅವರನ್ನು ಹೊತ್ತು ಓಣಿಯ ಮೇಲಿನ ತುದಿಗೆ ತರುವಷ್ಟರಲ್ಲಿ ನನ್ನ ಸೊಂಟದವರೆಗೆ ನೀರಿತ್ತು. ಆ ಮಧ್ಯಾಹ್ನ ಗೋದಾಮಿನ ಕೆಳಗಿನ ಅಂತಸ್ತು ಪೂರ್ತಿ ಮುಳುಗಿತು.

ಗಿರಿಜಕ್ಕನ ಕಾಲಿನ ಎಲುಬು ಮುರಿದಿತ್ತು, ಜೀವಕ್ಕೇನೂ ಆಗಲಿಲ್ಲ. ವಾರದ ಮೇಲೆ ಮೂಡುಬಿದಿರೆಯಲ್ಲಿ ಪದ್ಮರಾಜರು ಟ್ಯಾಬ್ಲೆಟ್ಟಿನೊಳಗಿನ ಲೆಕ್ಕವನ್ನು ತೆಗೆದು ನೋಡುತ್ತಿದ್ದರು. ನಾವಿಬ್ಬರೂ ಹಿಂದೆ ನಿಂತಿದ್ದೆವು. ಯಂತ್ರ ಕೆಲಸಕ್ಕೆ ಬಂತು, ಒಂದು ಜೀವ ಉಳಿಸಿತು ಎಂದು ಅವರಿಗೆ ಹಿಗ್ಗು. ಓದುತ್ತಾ ಓದುತ್ತಾ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಎಂತ?" ಎಂದೆ.

"ಐದನೇ ಕೋಣೆ," ಎಂದರು. "ಆ ದಿನ ಇಡೀ ಸೊನ್ನೆ ಉಂಟು."

ಗಿರಿಜಕ್ಕ ಮುಂಬಾಗಿಲಿನಿಂದ ಬಂದೇ ಇರಲಿಲ್ಲ. ಆ ಕೋಣೆಗೆ ಹೊಳೆಯ ಕಡೆಯಿಂದ ಒಂದು ಬಾಗಿಲಿದೆ, ಹಿಂದೆ ದೋಣಿಯಿಂದ ಅಕ್ಕಿಮೂಟೆ ಇಳಿಸುತ್ತಿದ್ದದ್ದು. ವರ್ಷಗಳಿಂದ ತೆರೆದಿಲ್ಲ ಎಂದು ಅದಕ್ಕೆ ನಾವು ಡಬ್ಬಿ ಅಂಟಿಸಿರಲಿಲ್ಲ. ಬೆಳಗ್ಗೆ ಅವರು ಹಿತ್ತಿಲಿಂದ ಅಡ್ಡದಾರಿ ಹಿಡಿದು ಬಂದು ಅದನ್ನೇ ತೆರೆದಿದ್ದರು. ಹಿಂದೆಯೇ ಹೊಳೆಯೂ ಒಳಗೆ ಬಂದಿತ್ತು. ಯಂತ್ರ ಅವರನ್ನು ಕಂಡೇ ಇರಲಿಲ್ಲ. ಅದರ ಲೆಕ್ಕದಲ್ಲಿ ಆ ಕೋಣೆ ಉಳಿದ ನಾಲ್ಕರ ಹಾಗೆ ಖಾಲಿ. ಅದು ಹೇಳಿದ್ದು ಸೊನ್ನೆಯ ವಾಕ್ಯವನ್ನೇ. ಆದರೆ ಸೊನ್ನೆಗೆ ಅದರ ಬಳಿ ಬೇರೆ ವಾಕ್ಯ ಇರಲಿಲ್ಲ.

ಮರಿಯಾಮ ನನ್ನ ಕೈ ಹಿಡಿದುಕೊಂಡಳು. "ಟೀಚರ್, ಹೊಸ ಫೈಲು ಹಾಕಿದ್ರೆ..." ಎಂದು ನಿಲ್ಲಿಸಿದಳು. ಪೆನ್‌ಡ್ರೈವ್ ನನ್ನ ಚೀಲದಲ್ಲೇ ಇತ್ತು. ಅದರಲ್ಲಿದ್ದದ್ದನ್ನು ಹಾಕಿದ್ದರೆ ಅವಳ ದನಿ ಸ್ಪಷ್ಟವಾಗಿ, ಐದು ಸಲ, ಒಬ್ಬರೂ ಇಲ್ಲ ಎನ್ನುತ್ತಿತ್ತು. ನಾವು ಆ ಮಾತನ್ನು ನಂಬಿ ಬಾಗಿಲು ಹಾಕಿ ಹೋಗುತ್ತಿದ್ದೆವು.

ಆಮೇಲೆ ಅವಳು ಒಂದೇ ಹಟ ಹಿಡಿದಳು. 'ಹಾಯ್ ಗೋತೊ ಅಲಾ' ಬೇಡ. ಒಬ್ಬರೂ ಇಲ್ಲ ಎಂದು ಹೇಳಲು ಯಂತ್ರಕ್ಕೇನು ಗೊತ್ತು? ಬದಲಿಗೆ 'ಮಿ ಯಿಆಲಿ ಹಾಯ್ ಗೋತೊ' ಎಂದು ಬರೆದಳು. ನಾನು ಒಬ್ಬರನ್ನೂ ನೋಡಿಲ್ಲ.

ಪದ್ಮರಾಜರು ಒಪ್ಪಲಿಲ್ಲ. "ಎಂತ ಮಾರಾಯ್ತಿ, ಯಂತ್ರವೇ ಹೀಗೆ ಅಳುಕಿ ಮಾತಾಡಿದರೆ ಯಾರು ತಕ್ಕೊಳ್ತಾರೆ? ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳ್ಬೇಕು."

"ಅಣ್ಣ, ಅಲ್ಲಿ ನನ್ನ ತಂಗಿಯೂ ಆ ಹಾಸ್ಟೆಲಿಗೇ ಸೇರುದು," ಎಂದಳು ಮರಿಯಾಮ. "ಇದು ನನ್ನ ದನಿ. ನಾನು ನೋಡದೆ ಇದ್ದದ್ದನ್ನು ಇಲ್ಲ ಅಂತ ಹೇಳುದಿಲ್ಲ."

ಪದ್ಮರಾಜರು ನನ್ನ ಕಡೆ ನೋಡಿದರು. ಕನ್ನಡದ ಸೊನ್ನೆಯ ಸಾಲನ್ನೂ ಹಾಗೆಯೇ ಬದಲಿಸುತ್ತೇನೆ ಎಂದೆ. ಅವರು ಗಲ್ಲ ಕೆರೆದುಕೊಂಡು, ಆಗಲಿ ಎಂದರು. ಹೊಳೆಬಾಗಿಲಿಗೂ ಡಬ್ಬಿ ಹಾಕಿಸಿದರು.

ಆಗಸ್ಟಿನಲ್ಲಿ ಗಿರಿಜಕ್ಕನನ್ನು ನೋಡಲು ಅವರ ತಂಗಿಯ ಮನೆಗೆ ಹೋದೆವು. ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದರು. ಮರಿಯಾಮಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ಬಿಡಲಿಲ್ಲ. ಆ ಹೊತ್ತಿನಲ್ಲಿ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

"ಮೊದಲು ಆಯ್ತು ಟೀಚರೆ. ಕೂಗಿ ಕೂಗಿ ಗಂಟಲು ಬಿತ್ತು. ಆಮೇಲೆ ಈ ಮಗಳ ದನಿ ಕೇಳ್ತಾ ಇತ್ತಲ್ಲ, ಹಾಗಾಗಿ ಧೈರ್ಯ ಬಂತು." ಹಳೆಯ ಕತೆ ಹೇಳುವಷ್ಟೇ ಸಹಜವಾಗಿ ಆ ವಾಕ್ಯವನ್ನು ಒಪ್ಪಿಸಿದರು: "ನೆಡ್ಡೊ ನೋ ಕಾ ನ್ದೆರ್ ಸೂದು. ಅದನ್ನೇ ಹೇಳ್ತಾ ಇತ್ತು. ಬೆಳಗ್ಗೆಯಿಂದ. ಎಷ್ಟು ಸಲವೋ."

ಮರಿಯಾಮ ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ. ಗುಂಡಿ ಒತ್ತಿದರೆ ಮಾತ್ರ ಮಾತಾಡುವ ಯಂತ್ರ ಅದು. ಲೆಕ್ಕದ ಪ್ರಕಾರ ಅಂದು ಗುಂಡಿ ಒತ್ತಿದ್ದು ಒಂದೇ ಸಲ, ಹನ್ನೊಂದು ಗಂಟೆಯ ಮೇಲೆ, ಅವಳೇ. ಒಂದು ತಿಂಗಳು ದಿನಾ ಕೇಳಿದ ವಾಕ್ಯ, ಚಳಿಯಲ್ಲಿ ನೋವಿನಲ್ಲಿ ಕಿವಿಯೊಳಗೆ ತಾನೇ ಓಡಿರಬಹುದು. ಹಾಗೆಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಗಿರಿಜಕ್ಕನಿಗೆ ಏನೂ ಹೇಳದೆ ಅವರು ಕೊಟ್ಟ ಚಾ ಕುಡಿದು ಎದ್ದೆವು.

ಮರಿಯಾಮ ಪರೀಕ್ಷೆ ಮುಗಿಸಿ ಊರಿಗೆ ಹೋದಳು. ಗೋದಾಮಿನ ಕೆಸರು ತೆಗೆದು, ಗೋಣಿ ಎಸೆದು, ಗೋಡೆಗೆ ಸುಣ್ಣ ಹೊಡೆದ ಮೇಲೆ ಟ್ಯಾಬ್ಲೆಟ್ಟನ್ನು ಮತ್ತೆ ಹಾಕಿದ್ದು ನಾನೇ, ದಸರಾ ಕಳೆದು ಒಂದು ಬೆಳಗ್ಗೆ. ಅಂದು ಬಿಸಿಲಿತ್ತು. ಕಿಟಕಿಗಳೆಲ್ಲ ತೆರೆದಿದ್ದವು, ಹೊಳೆ ಮರಳಿನ ನಡುವೆ ತಿಳಿಯಾಗಿ ಹರಿಯುತ್ತಿತ್ತು. ಕನ್ನಡಕ್ಕೆ ತಿರುಗಿಸಿ ಗುಂಡಿ ಒತ್ತಿದೆ. ಈ ಸಲ ಅದು ನನ್ನ ದನಿ. ಪ್ರತಿ ಕೋಣೆಗೂ ಬಿಡಿಸಿ ಬಿಡಿಸಿ ಹೇಳಿತು: "ನನಗೆ ಇಲ್ಲಿ ಯಾರೂ ಕಂಡಿಲ್ಲ."

ಐದೂ ಮುಗಿಯುವವರೆಗೆ ಕೇಳಿ, ಮೇಲೂ ಕೆಳಗೂ ಒಂದೊಂದೇ ಬಾಗಿಲು ತೆರೆದು ಒಳಗೆ ಹೋಗಿ ನೋಡಿ ಬಂದೆ. ಆಮೇಲೆ ಬೀಗ ಹಾಕಿದೆ.